ಎರಡು ಕುಂಡಗಳ ಮುಂದೆ ಮೇಷ್ಟ್ರು

ರಸ್ತೆಯ ನಟ್ಟನಡುವೆ, ಹಿಂದೆಮುಂದೆ ವಾಹನಗಳು ಹಾರ್ನ್ ಹೊಡೆದು ಗಂಟಲು ಹರಿದುಕೊಳ್ಳುತ್ತಿರುವಾಗ, ಕುಕ್ಕರುಗಾಲಲ್ಲಿ ಕೂತು, ಡಾಂಬರಿನ ಬಿರುಕಿನಲ್ಲಿ ತಲೆಯೆತ್ತಿದ ಕಳೆಗಿಡವೊಂದನ್ನು ಕನ್ನಡಕ ತೆಗೆದು ದಿಟ್ಟಿಸುತ್ತಿರುವ ವೃದ್ಧರೊಬ್ಬರು ಕಂಡರೆ, ಅವರು ಮೇಷ್ಟ್ರೇ ಎಂದು ಊರಿಗೆಲ್ಲ ಗೊತ್ತಿತ್ತು. ಕನ್ನಡಕ ಅವರಿಗೆ ಮನುಷ್ಯರನ್ನು ನೋಡಲು ಮಾತ್ರ ಬೇಕಿತ್ತು. ಕಡುಬೇಸಿಗೆಯಲ್ಲೂ ಬಿಡದ ಕೋಟಿನ ಜೇಬುಗಳ ತುಂಬ ಬೀಜ, ತೊಗಟೆ, ಹಳೇ ಪತ್ರಿಕೆಯಲ್ಲಿ ಸುತ್ತಿದ ಎಲೆಗಳು. ಒಮ್ಮೆ ಅದನ್ನು ಒಗೆಯಲು ಹೊರಟ ಮಗಳು, "ಅಪ್ಪಾ, ಈ ಕೋಟಿಗೆ ಸೋಪಲ್ಲ, ಗೊಬ್ಬರ ಹಾಕ್ಬೇಕು" ಅಂದಿದ್ದಳಂತೆ.

ಅವರಲ್ಲಿ ಸಸ್ಯಶಾಸ್ತ್ರ ಕಲಿತು, ಅವರು ನಿವೃತ್ತರಾದ ಮೇಲೆ ಅವರದೇ ಸಸ್ಯಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಶಿಷ್ಯೆಗೆ ಮೇಷ್ಟ್ರೆಂದರೆ ದೇವರ ಸಮಾನ. ಒಣಗಿಸಿ ಹಾಳೆಗೆ ಅಂಟಿಸಿದ ಸಾವಿರಾರು ಗಿಡಗಳ ನಡುವೆ ಒಂದೇ ಒಂದನ್ನು ಮುಟ್ಟುವ ಮುನ್ನ ಆಕೆ ಕೈ ಒರೆಸಿಕೊಳ್ಳುತ್ತಿದ್ದಳು. ಅದು ಮೇಷ್ಟ್ರ ಗಿಡ. ಬೆಟ್ಟದ ನೆತ್ತಿಯಲ್ಲಿ ಸಿಕ್ಕ, ಗೇಣುದ್ದವೂ ಇಲ್ಲದ, ಮೈಯೆಲ್ಲ ಬಿಳಿರೋಮದ ಆ ಕುಳ್ಳಗಿಡವನ್ನು ಹೊಸ ಪ್ರಭೇದವೆಂದು ಸಾರಿ ಹೆಸರಿಟ್ಟವರು ಮೇಷ್ಟ್ರು. ಅವರ ಜೀವಮಾನದ ಕೀರ್ತಿಯೆಲ್ಲ ಆ ಒಂದು ಹಾಳೆಯ ಮೇಲೆ ನಿಂತಿತ್ತು.

ಪಾಪ, ಆಕೆ ಕೇಡೆಣಿಸಿ ಮಾಡಿದ್ದಲ್ಲ. ಆ ಬೆಟ್ಟದ ಗಿಡದ ಬೀಜವನ್ನೂ, ತಪ್ಪಲಿನ ತೊರೆಯಂಚಿನಲ್ಲಿ ಎದೆಯೆತ್ತರ ಬೆಳೆಯುವ ಅದರ ಮಾಮೂಲಿ ನೆಂಟನ ಬೀಜವನ್ನೂ ಅಕ್ಕಪಕ್ಕದ ಕುಂಡಗಳಲ್ಲಿ ಬಿತ್ತಿ, ಒಂದೇ ಮಣ್ಣು, ಒಂದೇ ನೀರು, ಒಂದೇ ಬಿಸಿಲು ಕೊಟ್ಟಳು, ಅಷ್ಟೇ. ಕುಳ್ಳ ಕುಳ್ಳನಾಗಿಯೇ ಉಳಿದರೆ ಮೇಷ್ಟ್ರ ಮಾತಿಗೆ ಇನ್ನೊಂದು ಸಾಕ್ಷಿ ಸಿಕ್ಕೀತೆಂಬ ಆಸೆ. ಆದರೆ ಅದು ಬೆಳೆದದ್ದೇ ಬೆಳೆದದ್ದು! ರೋಮದ ಸುಳಿವಿಲ್ಲ, ಎಲೆ ಅಂಗೈಯಗಲ; ಹೂಬಿಡುವ ಹೊತ್ತಿಗೆ ಯಾವ ಕುಂಡ ಯಾವುದೆಂದು ಬೆಟ್ಟುಮಾಡಿ ತೋರಿಸಲಾಗಲಿಲ್ಲ. ಅಲ್ಲಿ ಅದನ್ನು ಕುಳ್ಳಾಗಿಸಿದ್ದು ಗಾಳಿ, ರೋಮ ಹೊದಿಸಿದ್ದು ಚಳಿ. ಎರಡೂ ಒಂದೇ ಪ್ರಭೇದ.

ಹಾಸಿಗೆ ಹಿಡಿದಿದ್ದ ಮೇಷ್ಟ್ರಿಗೆ ಹೇಳುವುದೋ, ಬಿಡುವುದೋ? "ಅವರಿರೋವರೆಗೆ ಸುಮ್ಮನಿದ್ದುಬಿಡಿ ಅಕ್ಕಾ, ಆ ಗಿಡದ ಮೇಲೇ ಜೀವ ಇಟ್ಕೊಂಡಿದಾರೆ" ಎಂದು ಮಗಳು ಕೈಹಿಡಿದು ಬೇಡಿಕೊಂಡಳು. ಆದರೆ ಸತ್ಯವನ್ನು ಬಚ್ಚಿಟ್ಟುಕೊಂಡು ಆ ಕಣ್ಣುಗಳನ್ನು ಎದುರಿಸುವ ಧೈರ್ಯ ಶಿಷ್ಯೆಗಿರಲಿಲ್ಲ. ಕುಂಡಗಳೆರಡನ್ನೂ ಹೊತ್ತು ತಂದು, ಮಂಚದ ಪಕ್ಕ ಇಟ್ಟು, ಎಲ್ಲವನ್ನೂ ಹೇಳಿಬಿಟ್ಟಳು.

ಮೇಷ್ಟ್ರು ಎರಡೂ ಗಿಡಗಳ ಹೂ ಬಿಡಿಸಿ ನೋಡಿದರು. ಎಲೆಗಳನ್ನು ಮಗುಚಿ ಹೆಬ್ಬೆರಳಿನಿಂದ ಸವರಿದರು. ಶಿಷ್ಯೆಯ ಕಣ್ಣು ತುಂಬಿ ಬಂತು.

"ಅಬ್ಬಬ್ಬಾ! ಒಂದೇ ಗಿಡದೊಳಗೆ ಇಷ್ಟೆಲ್ಲ ಇತ್ತೇನೇ?" ಎಂದರು, ಬೆರಗಿನಿಂದ ಮುಖವೆಲ್ಲ ಅರಳಿ. "ನಾನು ಗಿಡಕ್ಕೆ ಹೆಸರಿಟ್ಟೆ ಅಂದ್ಕೊಂಡಿದ್ದೆ. ಬೆಟ್ಟದ ಗಾಳಿಗೆ ಇಟ್ಟಿದ್ದೆ, ನೋಡು! ಅಳ್ತೀಯಾಕೆ, ಹುಚ್ಚಿ? ಬರಿ. ನಾನಿಟ್ಟ ಹೆಸರು ತಪ್ಪು ಅಂತ ಬರೆಯೋ ಲೇಖನದಲ್ಲಿ ನಿನ್ನ ಹೆಸರಿನ ಪಕ್ಕ ನನ್ನದೂ ಇರಲಿ."

ತಾವು ಕಂಡದ್ದನ್ನು ತಮ್ಮದೆಂದು ಕಾದುಕೊಂಡು ಕೂರುವವರು ಲೋಕದಲ್ಲಿ ಬೇಕಾದಷ್ಟು ಮಂದಿ. ಅದು ಕೈತಪ್ಪಿ ಹೋಗುವ ಗಳಿಗೆಯಲ್ಲೂ, ತಾವು ತಿಳಿದದ್ದಕ್ಕಿಂತ ಅದೆಷ್ಟು ದೊಡ್ಡದಾಗಿತ್ತೆಂದು ಹಿಗ್ಗಬಲ್ಲವರು ವಿರಳ. ಅಂಥವರಿಗೆ ಸತ್ಯ ಹೇಳಲು ಹೆದರಿದವರಿಗೇ ಕೊನೆಗೆ ನಾಚಿಕೆಯಾಗುತ್ತದೆ.