ಲವೀನಾಳ ಬಿಳಿ ಸೋಮವಾರ

ಪಾರ್ಸ್ಲಿ ಕಣಿವೆಯಲ್ಲಿ ಸೋಮವಾರ ಬಟ್ಟೆ ಒಗೆಯುವ ದಿನ. ಅದನ್ನು ಬದಲಿಸುವ ಧೈರ್ಯ ಪಾದ್ರಿಗೂ ಇರಲಿಲ್ಲ. ಗ್ರಹಚಾರಕ್ಕೆ ಇಂಜಿನ್ ಡ್ರೈವರ್ ಆರ್ವಿಲ್ ಹ್ಯಾಚರ್ ಕಲ್ಲಿದ್ದಲಿನ ರೈಲುಗಾಡಿಯನ್ನು ಏರು ಹತ್ತಿಸುತ್ತಿದ್ದುದೂ ಸೋಮವಾರ ಬೆಳಿಗ್ಗೆಯೇ, ಅದೂ ಲವೀನಾ ಕ್ರಮ್‌ಳ ಹಿತ್ತಿಲಿಗೆ ಅಂಟಿಕೊಂಡ ತಿರುವಿನಲ್ಲಿ.

ತಪ್ಪು ಆರ್ವಿಲನದಲ್ಲ, ಹೇಸರಗತ್ತೆಗಳದು. ಕಂಪನಿಯ ಕಾಗದದಲ್ಲಿ ಅವು ಎಂ ದರ್ಜೆಯ ಗೂಡ್ಸ್ ಇಂಜಿನ್‌ಗಳು. ಹೇಸರಗತ್ತೆ ಎಂಬುದು ಊರವರು ಇಟ್ಟ ಹೆಸರು. 1911ರಲ್ಲಿ ನಲವತ್ತು ಬಂದವು. ಎಂಟು ದೊಡ್ಡ ಚಕ್ರ, ಗುಡ್ಡವನ್ನೇ ಎಳೆಯುವ ತಾಕತ್ತು. ಆದರೆ ನಕ್ಷೆ ಬರೆದ ಪುಣ್ಯಾತ್ಮ ಒಲೆಯನ್ನು ಮಾತ್ರ ತೀರಾ ಚಿಕ್ಕದಾಗಿ ಇಟ್ಟಿದ್ದ. ಹತ್ತು ಮೈಲಿ ಓಡುವಷ್ಟರಲ್ಲಿ ಬಾಯ್ಲರಿನ ಕೊಳವೆಗಳಿಗೆ ಮಸಿ ಕಟ್ಟಿ ಉಗಿ ಇಳಿದುಬಿಡುತ್ತಿತ್ತು. ಅದಕ್ಕೆ ಒಂದೇ ಮದ್ದು. ಏರು ಶುರುವಾಗುವ ತಿರುವಿನಲ್ಲಿ ಫೈರ್‌ಮ್ಯಾನ್ ಒಂದು ಸಲಿಕೆ ಮರಳನ್ನು ಬೆಂಕಿಗೆ ಎರಚಬೇಕು. ಮರಳು ಗಾಳಿಯ ಸೆಳೆತಕ್ಕೆ ಕೊಳವೆಗಳನ್ನೆಲ್ಲ ಉಜ್ಜಿಕೊಂಡು ಹೋಗಿ, ಮಸಿಯೆಲ್ಲ ಚಿಮಣಿಯಿಂದ ಭುಸ್ಸೆಂದು ಹೊರಬೀಳುತ್ತಿತ್ತು. ಬೀಳುತ್ತಿದ್ದುದು ಲವೀನಾ ಒಣಹಾಕಿದ ಹಾಸುಬಟ್ಟೆಗಳ ಮೇಲೆ.

ಮಂಗಳವಾರ ಒಗೆಯಬಾರದೇ ಎಂದು ಕೇಳಿದವರನ್ನು ಅವಳು ಮೇಲಿಂದ ಕೆಳಕ್ಕೆ ನೋಡುತ್ತಿದ್ದಳು. ಮಂಗಳವಾರ ಇಸ್ತ್ರಿಯ ದಿನ ಎಂಬುದು ಗೊತ್ತಿಲ್ಲದವರ ಜೊತೆ ಏನು ಮಾತು? ಹಾಗಾಗಿ ಇಪ್ಪತ್ತು ವರ್ಷ ಅವಳು ಇಂಜಿನ್ ಕಡೆ ಮುಷ್ಟಿ ತೋರಿಸಿದಳು, ಆರ್ವಿಲ್ ಟೋಪಿ ಎತ್ತಿದ. ಅವನ ಹೆಂಡತಿ ತೀರಿಕೊಂಡಳು, ಲವೀನಾಳ ಗಂಡನೂ ಹೋದ. ಒಂದು ಭಾನುವಾರ ಕ್ಷಮೆ ಕೇಳಲು ಹೋದ ಆರ್ವಿಲ್, ಹುರುಳಿಕಾಯಿ ಪಲ್ಯವನ್ನು ಎರಡು ಸಲ ಬಡಿಸಿಕೊಂಡು ಬಂದ. ಆಮೇಲೆ ಪ್ರತಿ ಭಾನುವಾರವೂ ಕ್ಷಮೆ ಕೇಳಲು ಹೋಗತೊಡಗಿದ.

1954ರ ಏಪ್ರಿಲ್ ಹೊತ್ತಿಗೆ ಮೂವತ್ತೊಂಬತ್ತು ಹೇಸರಗತ್ತೆಗಳು ಗುಜರಿಗೆ ಹೋಗಿದ್ದವು. ಉಳಿದದ್ದು 417 ಒಂದೇ, ಅದಕ್ಕೂ ಒಂದೇ ವಾರದ ಆಯಸ್ಸು. ತನ್ನ ಕೆಲಸವೂ ಅದರ ಜೊತೆಗೇ ಮುಗಿಯುತ್ತದೆಂದು ಆರ್ವಿಲನಿಗೆ ಗೊತ್ತಿತ್ತು. ಆ ಭಾನುವಾರ ಧೈರ್ಯ ಮಾಡಿ, ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿಯೇಬಿಟ್ಟ.

ಲವೀನಾ ತಟ್ಟೆ ಒರೆಸುತ್ತ ಹೇಳಿದಳು, "ನಾಳೆ ನನ್ ಬಟ್ಟೆ ಬೆಳ್ಳಗೆ ಒಣಗ್ಲಿ. ಆಮೇಲ್ ಬಂದು ಕೇಳಿ."

ಸೋಮವಾರ ಬೆಳಿಗ್ಗೆ ಆರ್ವಿಲ್ ಇದನ್ನು ಹೇಳಿದಾಗ ಫೈರ್‌ಮ್ಯಾನ್ ಕ್ಲೀಟ್ ತಲೆ ಚಚ್ಚಿಕೊಂಡ. ಬೆನ್ನಿಗೆ ಅರವತ್ತು ವ್ಯಾಗನ್ ಕಲ್ಲಿದ್ದಲು ಕಟ್ಟಿಕೊಂಡು ಮರಳು ಎರಚದಿದ್ದರೆ ಗಾಡಿ ಏರಿನ ನಡುವೆ ಬಿದ್ದುಕೊಳ್ಳುವುದು ಖಂಡಿತ.

"ಒಂದ್ ವಾರ ತಡ್ಕೊಳ್ಳಿ ಯಜಮಾನ್ರೇ," ಎಂದ ಕ್ಲೀಟ್. "ಬರೋ ಸೋಮವಾರ ಡೀಸೆಲ್ ಬರತ್ತೆ. ಬಟ್ಟೆ ತಾನಾಗೇ ಬೆಳ್ಳಗಿರತ್ತೆ."

"ನಾಳೆ ಅಂದಿದ್ದಾಳೆ ಕಣಯ್ಯ. ಅಂದ್ರೆ ಇವತ್ತು."

ಉಳಿದ ದಾರಿ ಒಂದೇ. ಅರ್ಧ ಗಾಡಿಯನ್ನು ಕೆಳಗಿನ ಲೂಪ್ ಲೈನಿನಲ್ಲಿ ಬಿಟ್ಟು, ಅರ್ಧವನ್ನು ಮೇಲಕ್ಕೆ ಮುಟ್ಟಿಸಿ, ಮತ್ತೆ ಇಳಿದು ಬಂದು ಉಳಿದದ್ದನ್ನು ಒಯ್ಯುವುದು. ಹೊಸಬರು ಮಾಡುವ ಕೆಲಸ ಅದು. ಒಮ್ಮೆ ಮಾಡಿದವನಿಗೆ ಊರ ಕ್ಷೌರದಂಗಡಿಯ ಗೇಲಿಯಿಂದ ಜೀವನಪೂರ್ತಿ ಬಿಡುಗಡೆ ಇಲ್ಲ. ಮೂವತ್ತೊಂದು ವರ್ಷದಲ್ಲಿ ಆರ್ವಿಲ್ ಒಂದು ಸಲವೂ ಗಾಡಿಯನ್ನು ಹೀಗೆ ಎರಡಾಗಿ ಮುರಿದು ಹತ್ತಿಸಿರಲಿಲ್ಲ. ಮುರಿದವರನ್ನು ಎಲ್ಲರಿಗಿಂತ ಜೋರಾಗಿ ಆಡಿಕೊಂಡವನೂ ಅವನೇ.

ಗಾಡಿ ಮುರಿಯಲು ಹೇಳಿದಾಗ ಅವನ ಕಿವಿ ಕೆಂಪಾಗಿತ್ತು.

417 ಮೂವತ್ತು ವ್ಯಾಗನ್ ಎಳೆದುಕೊಂಡು ಮರಳಿನ ಹಂಗಿಲ್ಲದೆ ಹಗುರವಾಗಿ ತಿರುವು ದಾಟಿತು. ಖಾಲಿ ಕೆಳಗಿಳಿಯಿತು. ಮತ್ತೆ ಮೂವತ್ತರೊಡನೆ ಹತ್ತಿತು. ಕ್ಷೌರದಂಗಡಿಯವರು ಅರ್ಧ ಬೋಳಿಸಿದ ಗಡ್ಡದಲ್ಲೇ ಹೊರಬಂದು ಎರಡು ಸಲವೂ ವ್ಯಾಗನ್ ಎಣಿಸಿದರು. ಒಬ್ಬ ಟೋಪಿ ತೆಗೆದು ಎದೆಗೆ ಒತ್ತಿಕೊಂಡ, ಸಾವಿನ ಮನೆಯಲ್ಲಿ ನಿಂತವನಂತೆ. ಆರ್ವಿಲ್ ನೇರ ಮುಂದೆ ನೋಡುತ್ತ ಹೋದ. ಅವಮಾನ ಚೆನ್ನಾಗಿಯೇ ಆಯಿತು.

ಡ್ಯೂಟಿ ಮುಗಿದದ್ದೇ, ಮುಖ ತೊಳೆಯುವುದನ್ನೂ ಮರೆತು ಹಿತ್ತಿಲಿಗೆ ಬಂದ. ಹಗ್ಗದ ಮೇಲೆ ಎಂಟು ಹಾಸುಬಟ್ಟೆ ಹಾಲಿನಂತೆ ಬೆಳ್ಳಗಿದ್ದವು.

"ಎರಡ್ ಸಲ ಹತ್ತಿದ್ದು ಕೇಳಿಸ್ತು," ಎಂದಳು ಲವೀನಾ.

"ಕಣಿವೆಗೆಲ್ಲಾ ಕೇಳಿಸ್ತು. ಕ್ಲೀಟ್ ಒಂದು ವಾರ ತಡ್ಕೊಳ್ಳಿ ಅಂದಿದ್ದ."

"ಕಾದಿದ್ರೆ ನಾನು ಆ ಡೀಸೆಲ್ಲನ್ನೇ ಮದುವೆ ಆಗ್ಬೇಕಿತ್ತು."

ಅವಳು ಒಂದು ಹಾಸುಬಟ್ಟೆ ಇಳಿಸಿ, ಮಡಿಸಲು ಅದರ ಇನ್ನೊಂದು ತುದಿಯನ್ನು ಅವನತ್ತ ಚಾಚಿದಳು. ಆರ್ವಿಲ್ ತನ್ನ ಕೈ ನೋಡಿಕೊಂಡ. ಮೂವತ್ತೊಂದು ವರ್ಷದ ಮಸಿ ಗೆರೆಗೆರೆಯಲ್ಲಿ ಕೂತಿತ್ತು. ಕೈಗಳನ್ನು ಬೆನ್ನ ಹಿಂದೆ ಸರಿಸಿದ.

"ಹಿಡ್ಕೊಳ್ರೀ," ಎಂದಳು ಲವೀನಾ. "ಸೋಮವಾರ ಇನ್ನೂ ಮುಗಿದಿಲ್ಲ, ಮತ್ತೆ ಒಗೀಬಹುದು."