ಪಾವೊರಾ ಕೊಟ್ಟ ಫ್ರೀಜರ್

ಊರಿನ ಸಭಾಮನೆಯ ಅಡುಗೆಕೋಣೆಯಲ್ಲಿ ಫ್ರೀಜರ್ ಕೆಟ್ಟು ಮೂರು ವಾರವಾಗಿತ್ತು. ಮೀನನ್ನೆಲ್ಲ ಅಕ್ಕಪಕ್ಕದ ಮನೆಗಳಲ್ಲಿಟ್ಟು, ಫ್ರೀಜರಿಗೊಂದು ಹೂವಿನ ಬಟ್ಟೆ ಹೊದಿಸಿ, ಎಲ್ಲರೂ ಬಾಯಿ ಹೊಲಿದುಕೊಂಡಿದ್ದರು. ತೀರಿಹೋದ ಹೆಂಡತಿ ಹೂಯಾಳ ನೆನಪಿಗೆಂದು ಮುದುಕ ಪಾವೊರಾ ಅದನ್ನು ಕೊಟ್ಟು ಹದಿನಾಲ್ಕು ತಿಂಗಳಾಗಿತ್ತಷ್ಟೆ. ಉಡುಗೊರೆ ಕೆಟ್ಟಿತೆಂದು ಕೊಟ್ಟವನಿಗೆ ಹೇಳುವುದುಂಟೆ? ರಸೀದಿ ಕೇಳುವುದಂತೂ ಮುಖಕ್ಕೆ ಹೊಡೆದಂತೆ. ಆದರೆ ಶನಿವಾರ ಹೂಯಾಳ ಸ್ಮರಣೆಯ ಊಟ. ಪಾವೊರಾ ಬಂದೇ ಬರುತ್ತಾನೆ.

ಗುರುವಾರ, ಸಭಾಮನೆಯ ಅಡುಗೆ ನೋಡಿಕೊಳ್ಳುವ ಮೆರೆಯಾನಾ ಆಂಟಿ ಹ್ಯಾಟು ಹಾಕಿಕೊಂಡು, ತಂಗಿಯ ಮಗಳು ರೋಯ್‌ಮಾಟಾಳಿಗೆ ಕಾರು ತೆಗೆಯಲು ಹೇಳಿದಳು. ಫ್ರೀಜರ್ ಮಾರಿದ ಅಂಗಡಿಯಲ್ಲಿ ಜಗಳವಾಗುತ್ತದೆಂದು ರೋಯ್‌ಮಾಟಾ ದಾರಿಯುದ್ದಕ್ಕೂ ಹಿಡಿಯಾಗಿದ್ದಳು.

"ವರ್ಷದ ಗ್ಯಾರಂಟಿ ಮುಗೀತಲ್ಲ ಆಂಟಿ," ಎಂದ ಅಂಗಡಿಯ ಡಂಕನ್. "ಅಲ್ದೆ ಕೊಂಡವ್ರು ನೀವಲ್ಲ. ಪಾವೊರಾ ಅವರನ್ನೇ ಕಳ್ಸಿ."

"ಅವನಿಗೆ ಗೊತ್ತಾಗ್ಬಾರ್ದು ಅಂತಾನೇ ನಾನು ಬಂದಿರೋದು ತಮ್ಮಾ. ನಿನ್ನ ಕಾಗದದ ಆಯಸ್ಸು ಒಂದು ವರ್ಷ, ಸರಿ. ಫ್ರೀಜರಿಂದೂ ಅಷ್ಟೇನಾ? ನನ್ನ ಹಲ್ಲಿನ ಸೆಟ್ಟೇ ಹನ್ನೆರಡು ವರ್ಷ ಬಾಳಿದೆ!"

ಹಿಂದೆ ನಿಂತವರು ನಕ್ಕರು. ಆಂಟಿ ಗ್ರಂಥಾಲಯದಿಂದ ತಂದ ಹಾಳೆ ಬಿಡಿಸಿದಳು. "ವಸ್ತು ನ್ಯಾಯವಾಗಿ ಎಷ್ಟು ಕಾಲ ಬಾಳ್ಬೇಕೋ ಅಷ್ಟು ಬಾಳ್ಬೇಕಂತೆ, ಕಾನೂನು ಹೇಳತ್ತೆ. ಉಡುಗೊರೆ ಪಡೆದವ್ರಿಗೂ ಕೊಂಡವ್ರ ಹಕ್ಕೇ ಇದೆಯಂತೆ. ಓದು. ಕನ್ನಡಕ ಕೊಡ್ಲಾ?"

ಡಂಕನ್ ಎರಡು ಸಲ ಓದಿದ. ಅವನ ಕಿವಿ ಕೆಂಪಾಯಿತು. ಆಂಟಿ ಒತ್ತಾಯಿಸಲಿಲ್ಲ, ಅತ್ತ ತಿರುಗಿ ಕೆಟಲುಗಳನ್ನು ನೋಡುತ್ತ ನಿಂತಳು. ಅವನಿಗೆ ಸಾವರಿಸಿಕೊಳ್ಳಲು ಹೊತ್ತು ಕೊಡುತ್ತಿದ್ದಾಳೆಂದು ರೋಯ್‌ಮಾಟಾಳಿಗೆ ತಿಳಿಯಿತು.

"ಉಡುಗೊರೆ ವಿಷಯ ನಂಗೆ ಗೊತ್ತಿರ್ಲಿಲ್ಲ," ಎಂದು ಅವನು ಕಂಪ್ಯೂಟರಿನಲ್ಲಿ ಪಾವೊರಾನ ಹೆಸರು ಹುಡುಕಿದ. "ನಾಳೆ ನಾನೇ ಬಂದು ನೋಡ್ತೀನಿ. ಮೋಟರೇ ಹೋಗಿದ್ರೆ ಹೊಸದು ಕೊಡ್ತೀವಿ. ಅಂದ್ಹಾಗೆ, ಪಾವೊರಾ ಮೀನು ಹಿಡಿಯೋಕೆ ಎಷ್ಟೊತ್ತಿಗೆ ಹೋಗ್ತಾರೆ?"

ಮೋಟರೇ ಹೋಗಿತ್ತು. ಶುಕ್ರವಾರ ಪಾವೊರಾ ಕಡಲಿಗಿಳಿದ ಮೇಲೆ ಅದೇ ಮಾದರಿಯ ಹೊಸ ಫ್ರೀಜರ್ ಬಂತು. ಹೂಯಾಳ ಹೆಸರಿದ್ದ ಪುಟ್ಟ ಹಿತ್ತಾಳೆ ತಗಡನ್ನು ಡಂಕನ್ ತಾನೇ ಬಿಚ್ಚಿ ಹೊಸದಕ್ಕೆ ಅಂಟಿಸಿದ.

ಶನಿವಾರ ಊಟಕ್ಕೆ ಬಂದ ಪಾವೊರಾ ಹೂವಿನ ಬಟ್ಟೆ ಸರಿಸಿ ಫ್ರೀಜರಿನ ಮುಚ್ಚಳ ಸವರಿದ. ಅವನ ಹೆಬ್ಬೆರಳು ಎಡಮೂಲೆಯಲ್ಲಿ ಏನನ್ನೋ ಹುಡುಕಿತು. ಹಳೆಯದನ್ನು ಇಳಿಸುವಾಗ ಬಾಗಿಲಿಗೆ ತಾಗಿಸಿ ಅವನೇ ಮಾಡಿದ್ದ ನೆಗ್ಗು ಅಲ್ಲಿರಲಿಲ್ಲ. ರೋಯ್‌ಮಾಟಾ ಆಂಟಿಯತ್ತ ನೋಡಿದಳು. ಆಂಟಿ ಬಹಳ ಶ್ರದ್ಧೆಯಿಂದ ಗೆಣಸು ಹೆರೆಯುತ್ತಿದ್ದಳು.

"ಒಳ್ಳೆ ಫ್ರೀಜರು," ಎಂದ ಪಾವೊರಾ ನಿಧಾನವಾಗಿ. "ದಿನ ಹೋದ್ಹಾಗೆ ಹೊಸದಾಗ್ತಿದೆ."

"ಹೂಯಾನೂ ಹಾಗೇ ಇದ್ಲು," ಎಂದಳು ಆಂಟಿ, ತಲೆಯೆತ್ತದೆ.

ಮುದುಕ ನಕ್ಕ. ಹೂವಿನ ಬಟ್ಟೆಯನ್ನೆಳೆದು, ನೆಗ್ಗು ಇರಬೇಕಾದ ಮೂಲೆ ಮುಚ್ಚುವಂತೆ ಹೊದಿಸಿದ.