ಚಿತ್ತಮ್ಮನ ವಸಡು

"ಹಲ್ಲು ಕೀಳೋದು ಬೇಡಮ್ಮ," ಎಂದರು ಡಾಕ್ಟರು. ಕೈಯಲ್ಲಿದ್ದ ಸಣ್ಣ ಕೊಕ್ಕೆಯನ್ನು ಬಿಸಿನೀರಿಗೆ ಅದ್ದಿ, ಚಿತ್ತಮ್ಮನ ಹಲ್ಲುಗಳ ಬುಡವನ್ನು ಮತ್ತೆ ಕೆರೆಯತೊಡಗಿದರು. ಸುಣ್ಣದ ಹೆಕ್ಕಳೆಯಂಥ ಚೂರುಗಳು ರಕ್ತ, ಕೀವಿನ ಜೊತೆ ತಟ್ಟೆಗೆ ಬಿದ್ದವು. ಮಾರಿಕಣಿವೆಯ ಅಣೆಕಟ್ಟೆ ಇನ್ನೂ ಮೇಲೇಳುತ್ತಿದ್ದ ಕಾಲ. ಕೆಲಸದವರಿಗೆಂದು ತೆರೆದ ಆಸ್ಪತ್ರೆ ಅದು. ಪಕ್ಕದ ಗುಡಿಸಲಿನ ತಿಪ್ಪಕ್ಕ ಅವಳನ್ನು ಎಳೆದುಕೊಂಡೇ ಬಂದಿದ್ದಳು.

ಕತ್ತಿ ಹಾಕುವುದಿಲ್ಲ, ಹಲ್ಲಿಗಂಟಿದ ಕಿಟ್ಟ ಹೋದರೆ ವಸಡು ತಾನೇ ಗಟ್ಟಿಯಾಗುತ್ತದೆ, ಜಾಲಿ ಚಕ್ಕೆಯ ಕಷಾಯಕ್ಕೆ ಉಪ್ಪು ಹಾಕಿ ದಿನಾ ಮುಕ್ಕಳಿಸು, ವಾರಕ್ಕೊಮ್ಮೆ ಬಾ ಎಂದರು ಡಾಕ್ಟರು. ಇಷ್ಟು ಕಾಲ ಯಾಕೆ ಬರಲಿಲ್ಲವೆಂದು ಗದರಿದರು.

ಚಿತ್ತಮ್ಮನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸಿಟ್ಟು ಬಂತು. ಇಷ್ಟೇನಾ? ಕೆರೆಯುವುದು, ಉಪ್ಪುನೀರು, ಇಷ್ಟೇನಾ?

ಗಂಡ ಎತ್ತಪ್ಪ ಕಟ್ಟೆಗೆ ಕಲ್ಲು ಕಡಿಯುವವನು. ಬೆರಳು ಜಜ್ಜಿಕೊಂಡಾಗ ಇದೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಟ್ಟು ಹಾಕಿಸಿಕೊಂಡಿದ್ದ. ಹೆಂಡತಿಯ ಬಾಯಿ ವಾಸನೆ ಬಂದಾಗ ಮಾತ್ರ ಅವಳ ಚಾಪೆಯನ್ನು ಹೊರಕ್ಕೆ ಎಸೆದ. ಅವಳು ಮುಟ್ಟಿದ ಚೊಂಬಿನ ನೀರು ಕುಡಿಯಲಿಲ್ಲ. ಹಿಂದಿನ ಜನ್ಮದ ಪಾಪ ಬಾಯಲ್ಲಿ ಕೊಳೆಯುತ್ತಿದೆ ಎಂದು ಜೊತೆಯವರ ಮುಂದೆಲ್ಲ ಹೇಳಿದ. ಹೊಸದುರ್ಗದ ಕಡೆ ಮದುವೆಗೆ ಇನ್ನೊಂದು ಹೆಣ್ಣನ್ನೂ ಕೇಳಿಸಿದ್ದ. ಚಿತ್ತಮ್ಮ ಆ ಪಾಪದ ಮಾತನ್ನು ನಂಬಿ, ಬಾಯಿಗೆ ಸೆರಗು ಒತ್ತಿಕೊಂಡೇ ಬದುಕಿದ್ದಳು. ನಂಬಿದ್ದು ನೆನೆದರೆ ಈಗ ತನ್ನ ಮೇಲೂ ಸಿಟ್ಟು ಬರುತ್ತಿತ್ತು.

ಅವಳು ತಪ್ಪದೆ ಆಸ್ಪತ್ರೆಗೆ ಹೋದಳು. ಮೊದಮೊದಲು ಬಾಯೆಲ್ಲ ಉರಿಯಿತು. ಬರಬರುತ್ತ ರಕ್ತ ನಿಂತಿತು, ಕೀವು ಬತ್ತಿತು, ಅಲುಗುತ್ತಿದ್ದ ಹಲ್ಲುಗಳು ಬಿಗಿದುಕೊಂಡವು. ಸಿಟ್ಟು ಮಾತ್ರ ಹಾಗೇ ಉಳಿಯಿತು.

ಇದೆಲ್ಲ ಎತ್ತಪ್ಪನ ಗಮನಕ್ಕೂ ಬಂತು. ಒಂದು ಸಂಜೆ ಕೆಲಸದಿಂದ ಬಂದವನು ಹೊರಗಿದ್ದ ಚಾಪೆಯನ್ನು ತಾನೇ ಎತ್ತಿ ಒಳಗೆ ಹಾಸಿದ.

"ಒಳಗೆ ಬಾರೆ. ಹೊಸದುರ್ಗದೋರಿಗೆ ಬ್ಯಾಡ ಅಂತ ಹೇಳಿ ಕಳ್ಸೀನಿ. ಈಗ ಎಲ್ಲಾ ನೆಟ್ಟಗೈತಲ್ಲ."

ಚಿತ್ತಮ್ಮ ಸೆರಗು ಸರಿಸಿ ಅವನೆದುರು ನಿಂತಳು.

"ಆಸ್ಪತ್ರೆ ದಾರಿ ನಿಂಗೆ ಗೊತ್ತಿತ್ತು."

"ಇದ್ಕೂ ಮದ್ದೈತೆ ಅಂತ ನಂಗೇನು ಗೊತ್ತು?"

"ಕೇಳಿದ್ರೆ ಗೊತ್ತಾಗ್ತಿತ್ತು. ನೀನು ಕೇಳ್ಲಿಲ್ಲ. ಹೊರಗೆ ಹಾಕ್ದೆ."

ಎತ್ತಪ್ಪ ತಲೆ ತಗ್ಗಿಸಿ ಬೆರಳ ಗಾಯದ ಕಲೆಯನ್ನು ಉಜ್ಜಿಕೊಂಡ. ಒಲೆ ಹಚ್ಚು, ಹಸಿವಾಗಿದೆ ಎಂದು ಮೆಲ್ಲಗೆ ಹೇಳಿದ. ಅವಳು ಚಾಪೆ ಸುತ್ತಿ ಕಂಕುಳಲ್ಲಿ ಇರುಕಿಕೊಂಡು, ತಿಪ್ಪಕ್ಕನ ಗುಡಿಸಲಿಗೆ ನಡೆದಳು.

ತಿಪ್ಪಕ್ಕ ಒಲೆ ಮುಂದೆ ಜರುಗಿ ಜಾಗ ಕೊಟ್ಟಳು. ಹೆಂಚಿನ ಮೇಲೆ ಹುರಿಯುತ್ತಿದ್ದ ಅವರೆಕಾಳನ್ನು ಮೊರಕ್ಕೆ ಸುರಿದು ಅವಳ ಕಡೆ ತಳ್ಳಿದಳು. ಹೊರಗಿನಿಂದ ಎತ್ತಪ್ಪ ಹೆಸರು ಹಿಡಿದು ಕರೆಯುವುದು ಕೇಳಿಸಿತು. ಚಿತ್ತಮ್ಮ ಒಂದು ಹಿಡಿ ಕಾಳು ಬಾಯಿಗೆ ಹಾಕಿಕೊಂಡು, ಕಟಕಟನೆ ಅಗಿಯತೊಡಗಿದಳು.